ಬಂದೂಕು ನಿಯಮದ ಕರಡಿಗೆ ಕಾಮೆಂಟ್: ಗ್ರೀನ್ ಕಾರ್ಡ್‌ನವರು ಬರೆಯಬಹುದಾ? ಬರೆದರೆ ಯಾರಾದರೂ ಓದ್ತಾರಾ?

ಓಹಾಯೋ_ರಾಘು · 14 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಗನ್ ಬೇಕಾ ಬೇಡವಾ ಅನ್ನುವ ಜಗಳಕ್ಕೆ ಇದನ್ನು ಎಳೆಯಬೇಡಿ. ಆ ಜಗಳ ನಮ್ಮ ಮನೆಯಲ್ಲೇ ಸಾಕಷ್ಟು ನಡೆಯುತ್ತಿದೆ.

ನಾನು ಓಹಾಯೋದ ಒಂದು ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಗ್ರೀನ್ ಕಾರ್ಡ್ ಬಂದು ಒಂದೂವರೆ ವರ್ಷ ಆಯಿತು. ನನ್ನ ಹತ್ತಿರ ಗನ್ ಇಲ್ಲ, ತಗೊಳ್ಳುವ ಯೋಚನೆಯೂ ಇಲ್ಲ. ಆದರೆ ನಮ್ಮ ಶಾಪ್‌ನಲ್ಲಿ ಒಬ್ಬ ವೆಲ್ಡರ್ ಇದ್ದಾನೆ. ಐವತ್ತು ವರ್ಷ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಕಾರು ಹಿಮದಲ್ಲಿ ಹೂತುಹೋದಾಗ ಶಿಫ್ಟ್ ಮುಗಿಸಿ ಮನೆಗೆ ಹೋಗಿದ್ದವನು ವಾಪಸ್ ಬಂದು ಎಳೆದುಕೊಟ್ಟ. ಅಂಥ ಮನುಷ್ಯ.

ಇವನು 1999ರಲ್ಲಿ, 24 ವರ್ಷದ ಹುಡುಗ ಆಗಿದ್ದಾಗ, ಬೇರೆಯವರ ಚೆಕ್‌ಗೆ ಸಹಿ ಹಾಕಿ ಸಿಕ್ಕಿಬಿದ್ದಿದ್ದಾನೆ. ಜೈಲಿಗೆ ಹೋಗಲಿಲ್ಲ, ಪ್ರೊಬೇಷನ್‌ನಲ್ಲಿ ಮುಗಿಯಿತು. ಆದರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ. ಅವತ್ತಿನಿಂದ ಇವತ್ತಿನವರೆಗೆ ಒಂದು ರೈಫಲ್ ಕೂಡ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ ಇಲ್ಲಿ ಜಿಂಕೆ ಬೇಟೆಯ ಗನ್ ಸೀಸನ್ ಶುರುವಾಗುತ್ತದೆ. ಅವತ್ತು ಅರ್ಧ ಶಾಪ್ ರಜೆ. ಇವನು ಮಾತ್ರ ಬಂದಿರುತ್ತಾನೆ. ಮಗ ತನ್ನ ಸೋದರಮಾವನ ಜೊತೆ ಹೋಗುತ್ತಾನೆ. ಮಗನ ರೈಫಲ್ ಕೂಡ ಆ ಮಾವನ ಮನೆಯಲ್ಲೇ ಇರುತ್ತದೆ, ಇವನ ಮನೆಯಲ್ಲಿಟ್ಟರೆ ಇವನಿಗೇ ಕೇಸ್.

ಈಗ ನ್ಯಾಯ ಇಲಾಖೆ ಒಂದು ಕರಡು ನಿಯಮ ಹೊರಡಿಸಿದೆ ಅಲ್ವಾ? ಇಂಥವರು ಅರ್ಜಿ ಹಾಕಿ ಹಕ್ಕು ವಾಪಸ್ ಕೇಳಬಹುದು ಅಂತ. ಜುಲೈ 22ಕ್ಕೆ ಪ್ರಕಟ ಆಗಿದೆ, ಅಕ್ಟೋಬರ್ 20ರ ತನಕ ಕಾಮೆಂಟ್ (ನಿಯಮ ಅಂತಿಮ ಆಗುವ ಮೊದಲು ಜನ ಬರೆಯುವ ಅಭಿಪ್ರಾಯ) ಕಳಿಸಬಹುದು. ಮೊನ್ನೆ ಊಟದ ಬ್ರೇಕ್‌ನಲ್ಲಿ ಇವನು ಫೋನ್ ತೆಗೆದು, "ಇದನ್ನ ನೀನೂ ಹಾಕ್ತೀಯಾ?" ಅಂದ. ಯಾವುದೋ ಸಂಘದವರು ಬರೆದುಕೊಟ್ಟ ನಾಲ್ಕು ಪ್ಯಾರಾ. ಕೆಳಗೆ ಹೆಸರು ಹಾಕಿ ಕಳಿಸಿದರೆ ಆಯಿತು.

ನನ್ನ ಅನುಮಾನಗಳು: ನಾನು ಸಿಟಿಜನ್ ಅಲ್ಲ, ಬರೆಯಬಹುದಾ? ಮುಂದೆ ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ "ಗನ್ ವಿಷಯದಲ್ಲಿ ಇವನ ಹೆಸರು ಇದೆ" ಅಂತ ಆಗುತ್ತದಾ? (ಇದು ಹೆಂಡತಿಯ ಪ್ರಶ್ನೆ. ಅವಳ ಪ್ರಕಾರ ಸುಮ್ನೆ ಇರೋದು ಒಳ್ಳೇದು.) ಲಕ್ಷಗಟ್ಟಲೆ ಜನ ಬರೆಯುವಾಗ ಇದನ್ನೆಲ್ಲ ಯಾರು ಓದುತ್ತಾರೆ?

---

ಸುಮ್ನೆ_ಕೂತವ · 14 ಸೆಪ್ಟೆಂಬರ್

ಯಾರೂ ಓದಲ್ಲ ಗುರು. 2018ರಲ್ಲಿ ಬಂಪ್ ಸ್ಟಾಕ್ (ರೈಫಲ್‌ಗೆ ಹಾಕಿ ಸರಸರನೆ ಗುಂಡು ಹಾರಿಸುವ ಸಾಧನ) ನಿಷೇಧಿಸುವ ನಿಯಮಕ್ಕೆ 1.86 ಲಕ್ಷ ಕಾಮೆಂಟ್ ಬಂದಿತ್ತು. ಎಟಿಎಫ್‌ನವರು (ಗನ್ ನಿಯಮ ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಮೊದಲೇ ತೀರ್ಮಾನ ಮಾಡಿದ್ದನ್ನೇ ಡಿಸೆಂಬರ್‌ನಲ್ಲಿ ಹೊರಡಿಸಿದರು. ಆಮೇಲೆ 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿ ಬಿಸಾಕಿತು. ಬರೆದವರ ಕೈ ನೋವು ಬಿಟ್ಟು ಬೇರೇನೂ ಉಳಿಯಲಿಲ್ಲ.

ಇನ್ನು ಈ ಹೊಸ ಕರಡಂತೂ ಕೇಳಲೇಬೇಡ. ನಿಯಮ ಬರುವ ಮೊದಲೇ, ಏಪ್ರಿಲ್‌ನಲ್ಲಿ, ನಟ ಮೆಲ್ ಗಿಬ್ಸನ್ ಸೇರಿ ಹತ್ತು ಜನಕ್ಕೆ ಹಕ್ಕು ವಾಪಸ್ ಕೊಟ್ಟಾಯಿತು. ನಿನ್ನ ವೆಲ್ಡರ್ ಯಾವ ಸಿನಿಮಾದಲ್ಲಿ ಮಾಡಿದ್ದಾನೆ?

---

ಡಿಸಿ_ಮಂಜು · 14 ಸೆಪ್ಟೆಂಬರ್

ವಾಷಿಂಗ್ಟನ್‌ನಲ್ಲಿ ಒಂದು ಲಾ ಆಫೀಸ್‌ನಲ್ಲಿ ಪ್ಯಾರಾಲೀಗಲ್ ಕೆಲಸ ನನ್ನದು. ವಕೀಲ ಅಲ್ಲ, ಹಾಗಾಗಿ ಇದು ಕಾನೂನು ಸಲಹೆಯೂ ಅಲ್ಲ.

ರಾಘು, ಬರೆಯಬಹುದು. ಈ ಕಾಮೆಂಟ್ ಪದ್ಧತಿ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯಿಂದ ಬಂದದ್ದು. ಅದರಲ್ಲಿ ಇರುವ ಮಾತು "ಆಸಕ್ತಿ ಇರುವ ವ್ಯಕ್ತಿಗಳು" ಅಂತ. ಸಿಟಿಜನ್ ಅಂತ ಎಲ್ಲೂ ಇಲ್ಲ. ಕಂಪನಿಗಳು ಬರೆಯುತ್ತವೆ, ಹೊರದೇಶದವರೂ ಬರೆಯುತ್ತಾರೆ. ಕರಡಿನ ಮೇಲೆ ಅಭಿಪ್ರಾಯ ಬರೆಯುವುದು ಯಾವ ತಪ್ಪೂ ಅಲ್ಲ. ನಿಮ್ಮ ಇಮಿಗ್ರೇಷನ್ ಫೈಲ್‌ನಲ್ಲಿ ಬೇರೇನಾದರೂ ಗೊಂದಲ ಇದ್ದರೆ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ, ಅಷ್ಟೇ.

ಹೆಸರಿನ ವಿಷಯಕ್ಕೆ ಮನೆಯವರು ಹೇಳಿದ್ದರಲ್ಲಿ ಅರ್ಥ ಇದೆ. ಹಾಕಿದ್ದು ಸರ್ಕಾರದ ಕಾಮೆಂಟ್ ಸೈಟ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಹೆಸರಿಲ್ಲದೆ ಕಳಿಸುವ ಆಯ್ಕೆ ಸೈಟ್‌ನಲ್ಲಿ ಇದೆ. ಆದರೆ ಎಟಿಎಫ್‌ನ ಹಿಂದಿನ ಕರಡುಗಳಲ್ಲಿ ಪೂರ್ತಿ ಹೆಸರು, ಸಂಪರ್ಕ ವಿವರ ಬೇಕು ಅಂತಲೇ ಬರೆದಿರುತ್ತಿತ್ತು. ಒಂದೊಂದು ಪ್ರಕಟಣೆಗೆ ಒಂದೊಂದು ಷರತ್ತು. ಇದರ ಶುರುವಿನಲ್ಲೇ ಸಲ್ಲಿಸುವ ವಿಧಾನ ಕೊಟ್ಟಿರುತ್ತಾರೆ, ಅದನ್ನು ಓದಿಕೊಂಡು ಕಳಿಸಿ. ಮನೆ ವಿಳಾಸ, ಹುಟ್ಟಿದ ದಿನ ಎಲ್ಲ ಕಾಮೆಂಟ್ ಒಳಗೆ ತುರುಕಬೇಡಿ. ನಿಮ್ಮ ಗೆಳೆಯನ ಹೆಸರು, ಕೇಸ್ ನಂಬರ್ ಅಂತೂ ಬೇಡವೇ ಬೇಡ. ಅದು ನಿಮ್ಮ ಗುಟ್ಟಲ್ಲ, ಅವನದು.

@ಸುಮ್ನೆ_ಕೂತವ, ಬಂಪ್ ಸ್ಟಾಕ್ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. 1934ರ ಕಾಯ್ದೆಯ ಪ್ರಕಾರ ಟ್ರಿಗರ್‌ನ ಒಂದು ಚಲನೆಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಮಾತ್ರ ಅದು ಮೆಷಿನ್ ಗನ್. ಬಂಪ್ ಸ್ಟಾಕ್‌ನಲ್ಲಿ ಪ್ರತಿ ಗುಂಡಿಗೂ ಟ್ರಿಗರ್ ಮತ್ತೆ ಚಲಿಸುತ್ತದೆ ಅಂತ 2018ರ ಕಾಮೆಂಟ್‌ಗಳಲ್ಲೇ ಜನ ಬರೆದಿದ್ದರು. ಇಲಾಖೆ ಅಂತಿಮ ನಿಯಮದಲ್ಲಿ ಅದಕ್ಕೆ ಉತ್ತರ ಕೊಡಬೇಕಾಯಿತು. ಆರು ವರ್ಷದ ನಂತರ ಸುಪ್ರೀಂ ಕೋರ್ಟ್‌ನಲ್ಲಿ 6-3ರಲ್ಲಿ ಗೆದ್ದದ್ದು ಹೆಚ್ಚು ಕಡಿಮೆ ಅದೇ ವಾದ. ಆ ತೀರ್ಪು ನನಗೆ ಇಷ್ಟ ಆಗಲಿಲ್ಲ, ಆ ಮಾತು ಬೇರೆ.

ಇನ್ನೊಂದು: ಪಿಸ್ತೂಲ್ ಬ್ರೇಸ್, ಅಂದರೆ ಪಿಸ್ತೂಲನ್ನು ತೋಳಿಗೆ ಆನಿಸಿ ಹಿಡಿಯುವ ಸಾಧನ. 2021ರ ಕರಡಿನಲ್ಲಿ ಅಂಕ ಹಾಕುವ ಒಂದು ಫಾರ್ಮ್ ಇತ್ತು, ವರ್ಕ್‌ಶೀಟ್ 4999. ಇಂತಿಷ್ಟು ಅಂಕ ಬಂದರೆ ನಿಮ್ಮ ಪಿಸ್ತೂಲು ಸಣ್ಣ ನಳಿಗೆಯ ರೈಫಲ್, ಅದಕ್ಕೆ ಕಾನೂನು ಬಿಗಿ. 2.37 ಲಕ್ಷ ಜನ ಬರೆದರು, ಎಷ್ಟೋ ಜನ ಆ ಅಂಕಗಳ ಮೇಲೆಯೇ ತಲೆ ಕೆಡಿಸಿಕೊಂಡಿದ್ದರು. 2023ರ ಜನವರಿಯಲ್ಲಿ ಅಂತಿಮ ನಿಯಮ ಬಂದಾಗ ಫಾರ್ಮೇ ಮಾಯ! ಅಳೆಯುವ ಕೋಲನ್ನೇ ಬದಲಾಯಿಸಿದ್ದರು. ಐದನೇ ಸರ್ಕಿಟ್‌ನ ಮೇಲ್ಮನವಿ ಕೋರ್ಟ್ ಹಿಡಿದದ್ದು ಅಲ್ಲೇ. ನೀವು ತೋರಿಸಿದ್ದು ಒಂದು, ಹೊರಡಿಸಿದ್ದು ಇನ್ನೊಂದು, ಜನ ಯಾವುದಕ್ಕೆ ಕಾಮೆಂಟ್ ಬರೆದ ಹಾಗಾಯಿತು ಅಂತ. 2024ರಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟ್ ನಿಯಮವನ್ನೇ ರದ್ದು ಮಾಡಿತು.

ಅಂದರೆ ಇದು ವೋಟು ಅಲ್ಲ. ಎಣಿಸಿ ಜಾಸ್ತಿ ಇದ್ದವರ ಕಡೆ ವಾಲುವುದಿಲ್ಲ. ಗಟ್ಟಿ ಮಾತು ಬಂದರೆ ಅದಕ್ಕೆ ಉತ್ತರ ಕೊಡಬೇಕು, ಅಷ್ಟು ಕಟ್ಟುಪಾಡು ಅವರ ಮೇಲೆ ಇದೆ.

---

ಮೊಂಟಾನಾ_ಸೊಸೆ · 15 ಸೆಪ್ಟೆಂಬರ್

ಓದುತ್ತಾರಾ ಅಂತ ಕೇಳಿದಿರಲ್ಲ, ನನ್ನ ಕತೆ ಹೇಳುತ್ತೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ನನ್ನ ಗಂಡ ಇಲ್ಲಿಯವರೇ. ಮಾವ 2023ರ ಬೇಸಿಗೆಯಲ್ಲಿ ತೀರಿಕೊಂಡರು. ಬೇಸ್‌ಮೆಂಟ್‌ನ ಸೇಫ್ ತೆಗೆದರೆ 31 ಗನ್. ನಾನು, ಗಂಡ ಇಬ್ಬರೂ ನೆಲದ ಮೇಲೆ ಕೂತು ಹಳದಿ ಕಾಗದದಲ್ಲಿ ಪಟ್ಟಿ ಮಾಡಿದೆವು. ಅವರ ಅಪ್ಪನ ಕಾಲದ ವಿಂಚೆಸ್ಟರ್ 94, ಮೂರ್ನಾಲ್ಕು .22 ರೈಫಲ್, ತೇವಕ್ಕೆ ತುಕ್ಕು ಹಿಡಿದ ಶಾಟ್‌ಗನ್‌ಗಳು. ಎರಡು ರೈಫಲ್ ಮಾತ್ರ ಅಂಗಡಿಯಿಂದ ತಂದ ಡಬ್ಬಿಯಲ್ಲೇ ಇದ್ದವು, ಒಳಗಿನ ಕಾಗದ ಕೂಡ ಬಿಚ್ಚಿರಲಿಲ್ಲ. ಯಾಕೆ ತಂದಿಟ್ಟಿದ್ದರೋ ದೇವರಿಗೇ ಗೊತ್ತು. ಊರಿನ ಡೀಲರ್ ಎಲ್ಲಕ್ಕೂ ಸೇರಿಸಿ ಒಂದು ರೇಟು ಹೇಳಿದ, ನಗು ಬಂತು. ಸರಿ, ಪರಿಚಯದವರಿಗೆ ಒಂದೊಂದಾಗಿ ಮಾರೋಣ ಅಂದುಕೊಂಡೆವು.

ಅದೇ ಸೆಪ್ಟೆಂಬರ್‌ನಲ್ಲಿ ಎಟಿಎಫ್‌ನ ಕರಡು ಬಂತು. ಯಾರು ಗನ್ "ವ್ಯಾಪಾರ" ಮಾಡುತ್ತಾರೆ, ಯಾರಿಗೆ ಲೈಸೆನ್ಸ್ ಬೇಕು ಅಂತ. 2022ರಲ್ಲಿ ಸಂಸತ್ತು ಕಾಯ್ದೆಯಲ್ಲಿ ವ್ಯಾಪಾರದ ಅರ್ಥ ಬದಲಾಯಿಸಿತ್ತು, ಅದಕ್ಕೆ ಹೊಂದಿಸಲು ಈ ನಿಯಮ. ಇಷ್ಟೇ ಗನ್ ಮಾರಿದರೆ ವ್ಯಾಪಾರ ಅಂತ ಸಂಖ್ಯೆ ಇಲ್ಲ. ಬೇರೆ ಸಾಕ್ಷಿ ಜೊತೆಗಿದ್ದರೆ ಒಂದೇ ಮಾರಾಟವೂ ಸಾಕಾಗಬಹುದು. ಹೊಸದರ ಹಾಗೆ ಇರುವ ಗನ್ನನ್ನು ಮೂಲ ಡಬ್ಬಿಯಲ್ಲಿ ಮತ್ತೆ ಮತ್ತೆ ಮಾರಿದರೆ ವ್ಯಾಪಾರಿ ಅಂತಲೇ ಊಹೆ. ನಮ್ಮ ಎರಡು ಡಬ್ಬಿ ಕಣ್ಣ ಮುಂದೆ ಬಂದವು. ಗಂಡ ನಕ್ಕುಬಿಟ್ಟರು. ನನಗೆ ನಿದ್ದೆ ಬರಲಿಲ್ಲ.

ನನಗೂ ಒಂದು ಸಂಘದ ರೆಡಿಮೇಡ್ ಪತ್ರ ಬಂದಿತ್ತು. ಅದರಲ್ಲಿ ಮಾವನ ಸೇಫ್ ಇರಲಿಲ್ಲ! ಸ್ವಾತಂತ್ರ್ಯ, ದಬ್ಬಾಳಿಕೆ, ಸಂವಿಧಾನ ಎಲ್ಲ ಇತ್ತು. ನಾನು ಅದನ್ನು ಬಿಟ್ಟು ಬೇರೆ ಬರೆದೆ. ಪರವೂ ಅಲ್ಲ, ವಿರೋಧವೂ ಅಲ್ಲ. 31 ಗನ್, ಕೊಂಡವರು ತೀರಿಕೊಂಡಿದ್ದಾರೆ, ನಾವು ಹೊಸದು ಕೊಳ್ಳುವುದಿಲ್ಲ, ಎರಡು ಡಬ್ಬಿಯಲ್ಲಿವೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಖಾಲಿ ಮಾಡುವವರು ವ್ಯಾಪಾರಿಗಳಾ, ಅಲ್ಲವಾ? ಹೌದೋ ಅಲ್ಲವೋ ನಿಯಮದಲ್ಲೇ ಬರೆಯಿರಿ ಅಂತ.

ಕೊನೆಯ ದಿನ ಡಿಸೆಂಬರ್ 7. ರಾತ್ರಿ 11.59ರ ತನಕ ಟೈಮ್ ಇದೆ ಅಂತ ಆರಾಮಾಗಿ ಪಾತ್ರೆ ತೊಳೆದು 9.40ಕ್ಕೆ ಕಂಪ್ಯೂಟರ್ ಮುಂದೆ ಕೂತೆ. ಆಗ ಕಂಡಿತು, ಅದು ಈಸ್ಟರ್ನ್ ಟೈಮ್. ನಮಗೆ 9.59ಕ್ಕೇ ಬಾಗಿಲು! ಅವಸರದಲ್ಲಿ ಪೇಸ್ಟ್ ಮಾಡಿದರೆ ಆ ಚೌಕದಲ್ಲಿ 5,000 ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಪಿಡಿಎಫ್ ಮಾಡಿ ಲಗತ್ತಿಸಿ ಒತ್ತುವಾಗ 9.55. ಟ್ರ್ಯಾಕಿಂಗ್ ನಂಬರ್ ಬಂದ ಮೇಲೆ ಉಸಿರು ಬಂತು.

ಮುಂದಿನ ಏಪ್ರಿಲ್‌ನಲ್ಲಿ ಅಂತಿಮ ನಿಯಮ ಬಂತು. ನೂರಕ್ಕೂ ಹೆಚ್ಚು ಪುಟ, ಮೂರು ಕಾಲಂ, ಇರುವೆ ಸಾಲಿನಂಥ ಅಕ್ಷರ. ಒಟ್ಟು 3.88 ಲಕ್ಷದಷ್ಟು ಕಾಮೆಂಟ್ ಬಂದಿದ್ದವು. ಪರ-ವಿರೋಧ ಎರಡೂ ಕಡೆ ಬಹುಪಾಲು ರೆಡಿಮೇಡ್ ಪತ್ರಗಳೇ ಅಂತ ಅವರೇ ಲೆಕ್ಕ ಕೊಟ್ಟಿದ್ದಾರೆ. ಆಮೇಲೆ ವಿಷಯವಾರು ಭಾಗಗಳು. "ಕೆಲವರು ಹೀಗೆ ಕೇಳಿದರು", ಅದರ ಕೆಳಗೆ "ಇಲಾಖೆಯ ಉತ್ತರ". ಹುಡುಕುತ್ತಾ ಹೋದೆ. ಯಾವುದು ವ್ಯಾಪಾರ ಅಲ್ಲ ಅನ್ನುವ ಪಟ್ಟಿಯಲ್ಲಿ ಪಿತ್ರಾರ್ಜಿತ ಗನ್‌ಗಳನ್ನು ಮಾರಿ ಮುಗಿಸುವುದು ಸೇರಿತ್ತು. ಕರಡಿನ ಪಟ್ಟಿಯಲ್ಲಿ ಅದು ಇರಲಿಲ್ಲ.

ನನ್ನಿಂದಲೇ ಆಯಿತು ಅಂತ ಹೇಳುವಷ್ಟು ಹುಚ್ಚಿ ಅಲ್ಲ ನಾನು. ಎಷ್ಟೋ ಮನೆಗಳಲ್ಲಿ ಎಷ್ಟೋ ಸೇಫ್‌ಗಳಿದ್ದಿರಬೇಕು. ಆದರೆ ಪ್ರಶ್ನೆ ಅಲ್ಲಿತ್ತು, ಉತ್ತರವೂ ಅಲ್ಲಿತ್ತು. ಆಮೇಲೆ ಟೆಕ್ಸಸ್ ಮತ್ತೆ ಕೆಲವು ರಾಜ್ಯಗಳಲ್ಲಿ ಆ ನಿಯಮಕ್ಕೆ ಕೋರ್ಟ್ ತಡೆ ಕೊಟ್ಟಿತು. ಅದು ಬೇರೆ ರಾಮಾಯಣ.

---

ಸುಮ್ನೆ_ಕೂತವ · 15 ಸೆಪ್ಟೆಂಬರ್

ಸೊಸೆ ಮೇಡಂ, ಒಪ್ಪಿದೆ. ಆದರೆ ತಲೆ ಎಣಿಸುವುದೇ ಇಲ್ಲ ಅನ್ನೋದು ಸುಳ್ಳು. 2015ರಲ್ಲಿ ಗ್ರೀನ್ ಟಿಪ್ ಗುಂಡು (ತುದಿಗೆ ಹಸಿರು ಬಣ್ಣ ಇರುವ ರೈಫಲ್ ಗುಂಡು), ಅದೇ ಎಂ855, ನಿಲ್ಲಿಸುತ್ತೇವೆ ಅಂತ ಎಟಿಎಫ್ ಹೊರಟಿತು. 80 ಸಾವಿರಕ್ಕೂ ಹೆಚ್ಚು ಕಾಮೆಂಟ್ ಬಂದವು. ಒಂದೇ ತಿಂಗಳಲ್ಲಿ ಕೈಬಿಟ್ಟರು.

---

ಡಿಸಿ_ಮಂಜು · 15 ಸೆಪ್ಟೆಂಬರ್

ನಿಜ, ಗದ್ದಲಕ್ಕೂ ಒಂದು ಬೆಲೆ ಇದೆ. ಸಂಸತ್ ಸದಸ್ಯರೂ ದೊಡ್ಡ ಸಂಖ್ಯೆಯಲ್ಲಿ ಪತ್ರ ಬರೆದಿದ್ದರು ಅನ್ನುವುದನ್ನೂ ಸೇರಿಸಿಕೊಳ್ಳಿ.

---

ವರ್ಜೀನಿಯಾ_ವಾಣಿ · 15 ಸೆಪ್ಟೆಂಬರ್

ರಾಘು ಅವರೇ, ನಾನು ಇದೇ ಕರಡಿಗೆ ಹೋದ ವಾರ ಬರೆದೆ. ನಿಮ್ಮ ಎದುರು ಪಕ್ಷ ಅಂತಲೇ ಇಟ್ಟುಕೊಳ್ಳಿ.

ವಾರಕ್ಕೊಂದು ರಾತ್ರಿ ನಾನು ಹೆಣ್ಣುಮಕ್ಕಳ ಸಹಾಯವಾಣಿಯಲ್ಲಿ ಫೋನ್ ತೆಗೆಯುತ್ತೇನೆ. ಕನ್ನಡ, ತೆಲುಗು, ಹಿಂದಿ ಮಾತಾಡುವವರು ಕರೆ ಮಾಡುತ್ತಾರೆ. ಗಂಡನ ಹತ್ತಿರ ಗನ್ ಇದ್ದರೆ ಅವರು ಮಾತಾಡುವ ರೀತಿಯೇ ಬೇರೆ. ಮೆಲ್ಲಗೆ, ನಲ್ಲಿ ಬಿಟ್ಟುಕೊಂಡು. ಹಿಂದೆ ನೀರಿನ ಸದ್ದು ಕೇಳಿಸುತ್ತಿರುತ್ತದೆ. ನಿಮ್ಮ ಗೆಳೆಯನ ಚೆಕ್ ಕೇಸ್ ಬೇರೆ, ಇದು ಬೇರೆ, ಗೊತ್ತು. ಹಿಂಸೆಯ ಅಪರಾಧ ಮಾಡಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ ಅಂತ ಕರಡಿನಲ್ಲೂ ಇದೆ. ಆದರೆ "ಸಾಮಾನ್ಯವಾಗಿ" ಅನ್ನುವ ಪದದ ಸಂದಿಯಲ್ಲಿ ಯಾರು ನುಸುಳುತ್ತಾರೋ ಅನ್ನುವ ಭಯ ನನ್ನದು.

ಹಾಗಾಗಿ ನಾನು ಬರೆದದ್ದು ಒಂದೇ ಬೇಡಿಕೆ. ಹೊಡೆದವನಿಂದ ಇಂಥ ಅರ್ಜಿ ಬಂದರೆ ತೀರ್ಮಾನಕ್ಕೆ ಮೊದಲು ಹೊಡೆತ ತಿಂದ ಹೆಂಗಸಿಗೆ ತಿಳಿಸಬೇಕು, ಅವಳ ಮಾತು ಕೇಳಬೇಕು. ತಿಳಿಸುವಾಗ ಅವಳ ಹೊಸ ವಿಳಾಸ ಅವನಿಗೆ ಸಿಗಬಾರದು. ನೀವು ನಿಮ್ಮ ಗೆಳೆಯನ ಪರ ಬರೆಯಿರಿ, ನನಗೇನೂ ಬೇಜಾರಿಲ್ಲ. ಆದರೆ ಆ ಸಂಘದ ಪತ್ರದಲ್ಲಿ "ಎಲ್ಲರಿಗೂ ಕೊಡಿ" ಅಂತ ಇದ್ದರೆ, ಅದು ನಿಮ್ಮ ಮಾತಾ ಅಂತ ಒಂದು ಸಲ ಯೋಚನೆ ಮಾಡಿ.

---

ಓಹಾಯೋ_ರಾಘು · 16 ಸೆಪ್ಟೆಂಬರ್

ವಾಣಿ ಅವರೇ, ನಿಮ್ಮದನ್ನು ಓದಿ ಆ ಪತ್ರ ಮತ್ತೆ ತೆಗೆದು ನೋಡಿದೆ. ಮೂರನೇ ಪ್ಯಾರಾದಲ್ಲಿ ಹೆಚ್ಚು ಕಡಿಮೆ ಹಾಗೇ ಇದೆ. ಅದು ನನ್ನ ಮಾತಲ್ಲ. ಅದನ್ನು ಕಳಿಸುವುದಿಲ್ಲ.

ಮಂಜು, ಹಾಗಾದರೆ ಅವನು ಎಂಥವನು, ಕಾರು ಎಳೆದುಕೊಟ್ಟಿದ್ದು, 22 ವರ್ಷ ಒಂದೇ ಕಡೆ ಕೆಲಸ ಮಾಡಿದ್ದು, ಇದನ್ನೆಲ್ಲ ಹೆಸರಿಲ್ಲದೆ ಬರೆಯಲಾ?

---

ಡಿಸಿ_ಮಂಜು · 16 ಸೆಪ್ಟೆಂಬರ್

ಅದು ನಡತೆ ಪ್ರಮಾಣಪತ್ರ ಆಗುತ್ತದೆ. ಈಗ ಕೇಳುತ್ತಿರುವುದು ನಿಯಮದ ಬಗ್ಗೆ. ಕಾಯ್ದೆಯಲ್ಲಿ ಅರ್ಜಿದಾರನ ಹಿಂದಿನ ದಾಖಲೆ, ಜನರಲ್ಲಿ ಇರುವ ಹೆಸರು ನೋಡಿ ಇವನಿಂದ ಅಪಾಯ ಇಲ್ಲ ಅನ್ನಿಸಿದರೆ ಕೊಡಬಹುದು ಅಂತ ಇದೆ. ನಿಮ್ಮ ಪತ್ರಕ್ಕೆ ಬೆಲೆ ಬರುವುದು ಅವನು ಅರ್ಜಿ ಹಾಕಿದ ದಿನ. ಎತ್ತಿಟ್ಟಿರಿ.

ಅವನು ಯಾಕೆ ಇಷ್ಟು ವರ್ಷ ಅರ್ಜಿ ಹಾಕಲಿಲ್ಲ ಅಂತ ಮನೆಯವರು ಕೇಳಿದರೆ ಹೇಳಿ: ದಾರಿ ಕಾಗದದ ಮೇಲೆ ಇತ್ತು, ಆದರೆ ಈ ಅರ್ಜಿ ನೋಡಲು ದುಡ್ಡು ಖರ್ಚು ಮಾಡಬಾರದು ಅಂತ 1992ರಿಂದ ಸಂಸತ್ತು ಎಟಿಎಫ್‌ಗೆ ಕಟ್ಟು ಹಾಕಿತ್ತು. ಬೀನ್ ಅನ್ನುವ ಟೆಕ್ಸಸ್‌ನ ಗನ್ ವ್ಯಾಪಾರಿ ಒಬ್ಬ ಕಾರಿನಲ್ಲಿ ಗುಂಡಿನ ಪೆಟ್ಟಿಗೆ ಇದ್ದದ್ದಕ್ಕೆ ಮೆಕ್ಸಿಕೋದಲ್ಲಿ ಶಿಕ್ಷೆಯಾಗಿ, ಇಲ್ಲಿ ಬಂದು ಅರ್ಜಿ ಹಾಕಿದ. ದುಡ್ಡಿಲ್ಲ ಅಂತ ಹಾಗೇ ವಾಪಸ್ ಬಂತು. ಸುಪ್ರೀಂ ಕೋರ್ಟ್‌ವರೆಗೂ ಹೋದ. 2002ರಲ್ಲಿ ಕೋರ್ಟ್, ಅರ್ಜಿ ನೋಡದೇ ಇರುವುದು ತಿರಸ್ಕಾರ ಅಲ್ಲ, ಹಾಗಾಗಿ ಕೋರ್ಟ್ ಕೈ ಹಾಕುವುದಕ್ಕೂ ಆಗಲ್ಲ ಅಂತು. ಹೌದೂ ಇಲ್ಲ, ಇಲ್ಲವೂ ಇಲ್ಲ! ಈ ಮಾರ್ಚ್‌ನಲ್ಲಿ ಇಲಾಖೆ ಆ ಅಧಿಕಾರವನ್ನು ಎಟಿಎಫ್ ಕೈಯಿಂದ ತೆಗೆದುಕೊಂಡ ಮೇಲೆ ಈ ಕರಡು ಬಂದಿದೆ.

ಆಮೇಲೆ, ಓಹಾಯೋದ ರಾಜ್ಯ ಕಾನೂನಿನಲ್ಲಿ ಅವನಿಗೆ ಏನಾದರೂ ದಾರಿ ಇದೆಯಾ ಅಂತ ಒಬ್ಬ ವಕೀಲರನ್ನು ಕೇಳಲಿ. ಕೆಲವು ಸಂದರ್ಭದಲ್ಲಿ ರಾಜ್ಯದಲ್ಲಿ ಶಿಕ್ಷೆ ಅಳಿಸಿಹೋದರೆ ಫೆಡರಲ್ ತಡೆಯೂ ಹೋಗುತ್ತದೆ.

ಕಾಮೆಂಟ್‌ಗೆ ಬೇಕಾದ್ದು ಬೇರೆ. ಅವನನ್ನೇ ಕೂರಿಸಿಕೊಂಡು ಕೇಳಿ: ನಾಳೆ ಅರ್ಜಿ ಹಾಕು ಅಂದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯಾ?

---

ಓಹಾಯೋ_ರಾಘು · 19 ಸೆಪ್ಟೆಂಬರ್

ಕೇಳಿದೆ. ಊಟದ ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ.

ಎರಡು ವರ್ಷದ ಹಿಂದೆ ಬೇರೆ ಯಾವುದೋ ಕೆಲಸಕ್ಕೆ ಬೇಕು ಅಂತ ಕೋರ್ಟ್ ಕಚೇರಿಗೆ ತನ್ನ ಹಳೇ ಫೈಲ್ ಕೇಳಲು ಹೋಗಿದ್ದನಂತೆ. ಕೌಂಟರ್‌ನಲ್ಲಿದ್ದ ಹೆಂಗಸು ಒಳಗೆ ಹೋಗಿ ಬಂದು, ಅಷ್ಟು ಹಳೇದು ಇಟ್ಟಿಲ್ಲ ಅಂದಳಂತೆ. ಒಂದು ಸಾಲಿನ ರೆಕಾರ್ಡ್ ಮಾತ್ರ ಇದೆ. ಶಿಕ್ಷೆ ಆದದ್ದು ಗೊತ್ತಾಗುತ್ತದೆ, ಯಾವ ಚೆಕ್, ಎಷ್ಟು ದುಡ್ಡು, ಪ್ರೊಬೇಷನ್ ಸರಿಯಾಗಿ ಮುಗಿಸಿದನಾ, ಯಾವುದೂ ಇಲ್ಲ. ಪ್ರೊಬೇಷನ್ ಆಫೀಸರ್ ತೀರಿಕೊಂಡಿದ್ದಾರೆ. "ನಾನು ತಪ್ಪು ಮಾಡಿದ್ದಕ್ಕೆ ಕಾಗದ ಇದೆ, ಸರಿ ಹೋದದ್ದಕ್ಕೆ ಇಲ್ಲ" ಅಂದ.

ಅದನ್ನೇ ಬರೆದೆ. ಹಳೇ ಕೇಸ್‌ಗಳಲ್ಲಿ ಕೋರ್ಟ್ ಫೈಲ್ ನಾಶ ಆಗಿದ್ದರೆ ಅರ್ಜಿದಾರ ಅದರ ಬದಲು ಏನು ಕೊಡಬಹುದು, ನಿಯಮದಲ್ಲೇ ಹೇಳಿ. ಫೈಲ್ ಇಲ್ಲ ಅಂತ ಕಚೇರಿ ಬರೆದುಕೊಟ್ಟ ಪತ್ರ ಸಾಕಾ? ಕಾಗದ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಪಕ್ಕಕ್ಕೆ ಇಡುವುದಿಲ್ಲ ಅಂತ ಸೇರಿಸಿ. ವಾಣಿ ಅವರೇ, ಹೊಡೆತ ತಿಂದವರಿಗೆ ಮೊದಲೇ ತಿಳಿಸಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ ಅಂತ ಒಂದು ಸಾಲು ಹಾಕಿದ್ದೇನೆ. ಒಟ್ಟು ಒಂದೂಕಾಲು ಪುಟ. ನನ್ನ ಹೆಸರು ಹಾಕಿದ್ದೇನೆ, ಅವನದು ಇಲ್ಲ, ಊರಿನ ಹೆಸರೂ ಇಲ್ಲ. ಹೆಂಡತಿ ಎರಡು ಸಲ ಓದಿ ಒಂದು ಸ್ಪೆಲ್ಲಿಂಗ್ ತಿದ್ದಿದಳು. ಬೇಡ ಅನ್ನಲಿಲ್ಲ.

ಟ್ರ್ಯಾಕಿಂಗ್ ನಂಬರ್ ಸ್ಕ್ರೀನ್‌ಶಾಟ್ ಅವನಿಗೆ ಕಳಿಸಿದೆ. ತಕ್ಷಣ ಒಂದು ಹೆಬ್ಬೆರಳು ಬಂತು. ಹತ್ತು ನಿಮಿಷ ಬಿಟ್ಟು, ಸಂಘದ ಪತ್ರ ಯಾಕೆ ಹಾಕಲಿಲ್ಲ ಅಂತ ಪ್ರಶ್ನೆಯೂ ಬಂತು. ಸೋಮವಾರ ಊಟದ ಹೊತ್ತಿಗೆ ಹೇಳಬೇಕು.

---

ಸುಮ್ನೆ_ಕೂತವ · 19 ಸೆಪ್ಟೆಂಬರ್

ಚೆನ್ನಾಗಿದೆ ಗುರು. ನಾನೂ ಏನಾದರೂ ಬರೆಯಬಹುದಾ ನೋಡ್ತೀನಿ, ಇನ್ನೂ ಒಂದು ತಿಂಗಳು ಟೈಮ್ ಇದೆಯಲ್ಲ.

ಸೊಸೆ ಮೇಡಂ, ಡಬ್ಬಿಯಲ್ಲಿದ್ದ ಆ ಎರಡು ರೈಫಲ್ ಏನಾದವು?

---

ಮೊಂಟಾನಾ_ಸೊಸೆ · 20 ಸೆಪ್ಟೆಂಬರ್

ಒಂದನ್ನು ನಮ್ಮ ಹಲ್ಲಿನ ಡಾಕ್ಟರ್ ಕೊಂಡರು. ಡೀಲರ್ ಹತ್ತಿರವೇ ಹೋಗಿ, ಅವರ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿ ಕೊಟ್ಟೆವು. ನನ್ನ ಹಟ ಅದು, ನಿಯಮ ಏನಾದರೂ ಹೇಳಲಿ.

ಇನ್ನೊಂದರ ಡಬ್ಬಿಯನ್ನು ಗಂಡ ಮೊನ್ನೆ ಬಿಚ್ಚಿದರು. ಒಳಗೆ ಮಾವನ ಕೈಬರಹದಲ್ಲಿ ಚೀಟಿ, ನಮ್ಮ ಮಗನ ಹೆಸರು. ಅವನಿಗೆ ಈಗ ಒಂಬತ್ತು ವರ್ಷ. ಸೇಫ್‌ಗೆ ವಾಪಸ್ ಹೋಯಿತು.